ತೀರದಲ್ಲಿ ಅಲ್ಲಲ್ಲಿ ಸಾಧಾರಣ ಮಳೆ

ಹವಾಮಾನ ಕಚೇರಿಯಲ್ಲಿ ಋತುವಿನ ಮುನ್ನೋಟ ಬರೆಯುವವನಿಗೆ ಊರು ಇಟ್ಟ ಹೆಸರು ಮೋಡದ ಸಾಹೇಬ. ಅವನ ಅಣ್ಣ ಬಂದರಿನ ಬೀದಿಯಲ್ಲಿ ಛತ್ರಿ ರಿಪೇರಿ ಮಾಡುವವನು. ತಮ್ಮನು ಮಳೆ ಎಂದು ಬರೆದರೆ ಅಣ್ಣನಿಗೆ ಕೈತುಂಬ ಕೆಲಸ, ಒಣಹವೆ ಎಂದರೆ ಬಾಯಿತುಂಬ ಆಕಳಿಕೆ.

"ನೀನು ಒಣಹವೆ ಅಂತ ಬರೆದ್ರೆ ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಕಣೋ," ಎಂದು ಅಣ್ಣ ವರ್ಷವರ್ಷವೂ ರೇಗಿಸುತ್ತಿದ್ದ. ಆದರೆ ಒಂದು ಹನಿ ಜಾಸ್ತಿ ಬರೆ ಎಂದು ತಪ್ಪಿಯೂ ಕೇಳಿದವನಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ತಮ್ಮನಿಗೆ ಮದುವೆಯ ಯೋಗ ಕೂಡಿಬಂದಿರಲಿಲ್ಲ. ಕೂಡಿಬರಲಿ ಎಂದು ಅವನೂ ಅಷ್ಟೇನೂ ಒದ್ದಾಡಿರಲಿಲ್ಲ. ಬೆಳಿಗ್ಗೆ ಅಣ್ಣ ಕಾಫಿ ಸೋಸುತ್ತಿದ್ದ, ತಮ್ಮ ಲೋಟ ತೊಳೆಯುತ್ತಿದ್ದ. ಇಷ್ಟರಲ್ಲೇ ಇಬ್ಬರಿಗೂ ದಿನ ಸಲೀಸಾಗಿ ಸಾಗುತ್ತಿತ್ತು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಅಣ್ಣನ ಮಗಳ ಫೋನು ಬಂತು. ಅವಳಿದ್ದದ್ದು ಸಮುದ್ರದಿಂದ ಬಲು ದೂರದ ಊರಿನಲ್ಲಿ. ಗಂಡ ಹಡಗಿನ ಮೇಲೆ, ಹೆರಿಗೆ ಮುಂದಿನ ತಿಂಗಳು. "ಅಪ್ಪಾ, ನೀನೇನೂ ಮಾಡೋದು ಬೇಡ. ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ರೆ ಸಾಕು. ಆಮೇಲೆ ಇಲ್ಲೇ ಇದ್ದುಬಿಡು," ಎಂದಳು.

ಅಣ್ಣ ಫೋನಿಟ್ಟು ತಮ್ಮನ ಕಡೆ ತಿರುಗಿದ. "ಶರತ್ಕಾಲ ಹೇಗಿರುತ್ತಪ್ಪಾ ಸಾಹೇಬ? ಒಣಗಿದ್ರೆ ಈಗಲೇ ಅಂಗಡಿ ಮುಚ್ಚಿ ಹೊರಡ್ತೀನಿ. ಮಳೆ ಇದ್ರೆ ಆ ಕೆಲಸ ಮುಗಿಸಿ ತಿಂಗಳ ಕೊನೆಗೆ ಹೋಗ್ತೀನಿ. ನೀನು ಬರೆದ ಹಾಗೆ."

ಹೋದವನು ತಿರುಗಿ ಬರುವುದಿಲ್ಲ ಎಂಬುದು ತಮ್ಮನಿಗೆ ಆಗಲೇ ಖಾತ್ರಿಯಾಯಿತು.

ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ನಾಡಿನ ಮುನ್ನೋಟವನ್ನೆಲ್ಲ ಕಂಪ್ಯೂಟರೇ ಲೆಕ್ಕ ಹಾಕಿ ಕೊಡುತ್ತಿತ್ತು. ಆದರೆ ಕಡಲ ಗಾಳಿಯ ಚೇಷ್ಟೆ ಅದಕ್ಕೆ ತಿಳಿಯುವುದಿಲ್ಲವೆಂದು ತೀರದ ಕೊನೆಯ ಸಾಲನ್ನು ಮಾತ್ರ ಅನುಭವಸ್ಥನೊಬ್ಬ ಕೈಯಾರೆ ಬರೆಯಬೇಕು. ಆ ಸಾಲು ಇವನದು. ಅದನ್ನು ಯಾರೂ ತಿದ್ದುತ್ತಿರಲಿಲ್ಲ. ಸಮುದ್ರದ ನೀರಿನ ಬಿಸಿ, ಗಾಳಿಯ ದಿಕ್ಕು, ಎಲ್ಲವೂ ಒಣಹವೆ ಎಂದೇ ಹೇಳುತ್ತಿದ್ದವು. ಅವನು ಪೆನ್ನು ಹಿಡಿದು ಬಹಳ ಹೊತ್ತು ಕೂತ. ಕೊನೆಗೆ, "ತೀರದಲ್ಲಿ ಅಲ್ಲಲ್ಲಿ ಸಾಧಾರಣ ಮಳೆ" ಎಂದು ಬರೆದ. ಒಂದು ತಿಂಗಳು ಹೆಚ್ಚಿಗೆ ಅಣ್ಣನ ಕಾಫಿ ಸಿಗಲಿ ಎಂಬುದಷ್ಟೇ ಅವನ ಆಸೆ. ಅವನೇನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಆಮೇಲೆ ನಿದ್ದೆಯಾದರೂ ಬರುತ್ತಿತ್ತು.

ಅಣ್ಣ ರೇಡಿಯೋದಲ್ಲಿ ಆ ಸಾಲು ಕೇಳಿ ಮಗಳಿಗೆ ತಿಂಗಳ ಕೊನೆಗೆ ಬರುವೆನೆಂದ. ಕಡ್ಡಿಗಳನ್ನು ನೆಟ್ಟಗೆ ಮಾಡಿಟ್ಟ, ಕಪ್ಪು ಬಟ್ಟೆ ಕತ್ತರಿಸಿಟ್ಟ, ಸೂಜಿಗೆ ದಾರ ಪೋಣಿಸಿ ಕಾದ.

ಮಳೆ ಬರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಂಗಡಿಯ ಮುಂದೆ ತೂಗುಹಾಕಿದ ಛತ್ರಿಗಳ ಮೇಲೆ ಧೂಳು ಕೂತಿತು. ಮೀನು ಒಣಗಿಸುವ ಹೆಂಗಸು ಒಂದು ಸಂಜೆ ಅಂಗಡಿಯ ಮುಂದೆ ನಿಂತು ಬಾಯಿ ಮಾಡಿದಳು. "ನಿನ್ನ ತಮ್ಮನ ಮಾತು ಕೇಳಿ ಮೀನು ಹರಡಲಿಲ್ಲ. ಅಷ್ಟೂ ಕೊಳೀತು. ಎಲ್ಲಿ ಹೋಯ್ತು ಅವನ ಮಳೆ?"

ತಮ್ಮ ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ತಲೆ ಎತ್ತಲಿಲ್ಲ.

ಅಣ್ಣ ಕತ್ತರಿ ಕೆಳಗಿಟ್ಟು ಎದ್ದುನಿಂತ. "ನೋಡಮ್ಮಾ, ನನ್ನನ್ನ ಏನಾದ್ರೂ ಅನ್ನು. ನನ್ನ ತಮ್ಮ ಇಲ್ಲದ್ದನ್ನ ಬರೆಯೋನಲ್ಲ. ಮೋಡ ಕೈಕೊಟ್ರೆ ಅವನೇನು ಮಾಡ್ತಾನೆ?"

ಅವಳು ಗೊಣಗುತ್ತ ಹೋದಳು. ತಮ್ಮನಿಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಣ್ಣಾ, ಅಂಗಡಿ ಮುಚ್ಚು. ಇವತ್ತೇ ಮಗಳ ಹತ್ರ ಹೊರಡು. ಮಳೆ ಬರಲ್ಲ," ಎಂದ.

"ಈಗ ಹೋದ್ರೆ ಜನ ಏನಂತಾರೆ? ತಮ್ಮನ ಮಾತನ್ನ ಅಣ್ಣನೇ ನಂಬಲಿಲ್ಲ ಅಂತ ಆಡ್ಕೊಳಲ್ವಾ? ಒಂದು ಹನಿಯಾದ್ರೂ ಬೀಳ್ಲಿ ಕಣೋ. ನಿನ್ನ ಮರ್ಯಾದೆ ಉಳಿಸಿ ಹೋಗ್ತೀನಿ. ಹೆರಿಗೆಗೆ ಇನ್ನೂ ದಿನ ಇದೆ."

ಲೆಕ್ಕದಲ್ಲಿ ಮಳೆಯೇ ಇರಲಿಲ್ಲ, ನಿನ್ನನ್ನು ಹಿಡಿದಿಟ್ಟುಕೊಳ್ಳಲು ಹಾಗೆ ಬರೆದೆ ಎಂದು ಹೇಳಲು ಅದೇ ಸರಿಯಾದ ಗಳಿಗೆ. ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು. ನಾಳೆ ಹೇಳೋಣ ಎಂದುಕೊಂಡ. ಆ ನಾಳೆಯನ್ನು ಅವನು ಆಮೇಲೆ ಎಷ್ಟು ಸಲ ಶಪಿಸಿಕೊಂಡನೋ.

ಮರುದಿನ ಕಚೇರಿಗೆ ಹೋಗದೆ ನೇರ ಅಂಗಡಿಗೆ ಬಂದ. ಏನೇ ಆಗಲಿ, ಇವತ್ತು ಬಾಯಿ ಬಿಟ್ಟೇಬಿಡುವುದೆಂದು ಹೊಸ್ತಿಲು ದಾಟಿದ. ಅಣ್ಣನ ಕಿವಿಯಲ್ಲಿ ಫೋನಿತ್ತು.

"ಯಾವಾಗ?... ಇಷ್ಟು ಬೇಗ?... ಒಬ್ಬಳೇ ಹೋದ್ಯಾ ಮಗಳೇ?"

ಅಣ್ಣ ಫೋನು ಕೆಳಗಿಟ್ಟ. ನಗಲು ನೋಡಿದ, ಆಗಲಿಲ್ಲ. "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರಂತೆ. ಒಳಗೆ ಕರ್ಕೊಂಡು ಹೋಗೋವಾಗ ಬಾಗಿಲ ಕಡೆ ತಿರುಗಿ ತಿರುಗಿ ನೋಡಿದ್ಲಂತೆ. ನಾನೆಲ್ಲಾದ್ರೂ ಬಂದಿರ್ತೀನೇನೋ ಅಂತ." ಒಂದು ಹಳೆಯ ಛತ್ರಿಯ ಹಿಡಿಕೆಯನ್ನು ಸುಮ್ಮನೆ ಉಜ್ಜುತ್ತ ಕೂತ. ಆಮೇಲೆ ತಲೆಯೆತ್ತಿ, "ಬೆಳಿಗ್ಗೆ ಬೆಳಿಗ್ಗೆ ಬಂದೆ. ಏನೋ ಹೇಳೋಕಿತ್ತಾ?" ಎಂದ.

ಈಗ ಹೇಳಿದರೆ ಯಾರಿಗೆ ಹಗುರ? ತನಗೆ ಮಾತ್ರ. "ಏನಿಲ್ಲಣ್ಣ," ಎಂದ ತಮ್ಮ. "ಸುಮ್ನೆ ಬಂದೆ."

ಮಧ್ಯಾಹ್ನದ ರೈಲಿಗೆ ಅಣ್ಣ ಹೊರಟ. ಪೆಟ್ಟಿಗೆ ಹೊತ್ತು ನಿಲ್ದಾಣದವರೆಗೂ ತಮ್ಮ ಜೊತೆಗೆ ನಡೆದ. ಬಿಸಿಲು ನೆತ್ತಿ ಸುಡುತ್ತಿತ್ತು. ರೈಲು ಹತ್ತಿದ ಅಣ್ಣ ಕಿಟಕಿಯಿಂದ ಕೈಚಾಚಿ ಅಂಗಡಿಯ ಕೀಲಿಯನ್ನು ತಮ್ಮನ ಅಂಗೈಯಲ್ಲಿಟ್ಟ.

"ಮಳೆ ಬಂದ ದಿನ ಬಾಗಿಲು ತೆಗೆದಿಡು. ಜನ ಹುಡುಕ್ಕೊಂಡು ಬರ್ತಾರೆ. ಬಂದೇ ಬರುತ್ತೆ ಕಣೋ, ನೀನೇ ಬರೆದಿದ್ದೀಯಲ್ಲ."