ಮಾಳಿಗೆಯ ಮೇಲೆ ಎರಡು ಜೇನುಪೆಟ್ಟಿಗೆ

ಲಾಂಡ್ರಿ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಮಾಳಿಗೆಯಿಂದ ಸದ್ದು ಕೇಳಿಸಿತು. ಜೇನುಹುಳ ಕೆಲಸ ಮಾಡುವ ಸದ್ದಲ್ಲ, ಜಗಳದ ಸದ್ದು. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ನಿನ್ನ ಗಂಡ ಮೇಲೆ ಏನೋ ಘನಂದಾರಿ ಕೆಲಸ ಮಾಡಿದಾನೆ. ಹೋಗಿ ನೋಡು."

ನಾವು ಜೇನು ಸಾಕಲು ಹಿಡಿದು ಇದೇ ಮೊದಲ ವರ್ಷ. ಗೋಡೆ ಪಕ್ಕದ ಪೆಟ್ಟಿಗೆ ಇವರದು, ಕೊಂಡು ತಂದದ್ದು, ಹುಳ ತುಂಬಿ ತುಳುಕುತ್ತಿತ್ತು. ನೀರಿನ ಟ್ಯಾಂಕಿನ ಪಕ್ಕದ್ದು ನನ್ನದು. ಲಾಂಡ್ರಿಯ ಬಿಸಿಗಾಳಿ ಕೊಳವೆಯಲ್ಲಿ ಕೂತಿದ್ದ ಬೊಗಸೆಯಷ್ಟು ಹುಳವನ್ನು, ಮಾಲೀಕ ಔಷಧಿ ಹೊಡೆಸುವ ಮೊದಲೇ, ರಟ್ಟಿನ ಡಬ್ಬಕ್ಕೆ ಗುಡಿಸಿಕೊಂಡು ತಂದಿದ್ದೆ. ಸಕ್ಕರೆ ಪಾಕ ಕುಡಿಸಿ ಕುಡಿಸಿ, ಚಳಿಗಾಲ ದಾಟುವಷ್ಟು ಜೇನು ಈಗಷ್ಟೇ ಕೂಡಿಸಿಕೊಂಡಿತ್ತು.

ಹೂವಿನ ಕಾಲ ಮುಗಿದಿತ್ತು. ಇವರು ತಮ್ಮ ಪೆಟ್ಟಿಗೆಯ ಮೇಲಂತಸ್ತು, ಹುಳ ಜೇನು ತುಂಬಿಡುವ ಭಾಗ, ಇಳಿಸಿದ್ದರು. ಇಳಿಸಬೇಕಾದದ್ದೇ. ಆದರೆ ಜೇನು ತೆಗೆದ ಅಂಟಂಟು ಮೇಣದ ಎರಿಗಳನ್ನು ತೊಳೆಯಲು ಮೈ ಬಗ್ಗದೆ, ಎರಡು ಪೆಟ್ಟಿಗೆಗಳ ನಡುವೆ ಬಿಸಿಲಲ್ಲಿ ಹರಡಿಟ್ಟಿದ್ದರು. ಅವರ ಹುಳ ಎರಿ ನೆಕ್ಕಿ ಮುಗಿಸಿ, ರುಚಿ ಹತ್ತಿ, ನನ್ನ ಪೆಟ್ಟಿಗೆಗೆ ನುಗ್ಗಿದ್ದವು. ನಾನು ಮೇಲೆ ಹತ್ತಿದಾಗ ಬಾಗಿಲಲ್ಲಿ ಹುಳಕ್ಕೆ ಹುಳ ಕಚ್ಚಿಕೊಂಡು ಉರುಳುತ್ತಿದ್ದವು. ಕೆಳಗೆ ಸತ್ತವುಗಳ ರಾಶಿ.

"ಬುದ್ಧೀನ ಎಲ್ಲಿ ಅಡ ಇಟ್ಟಿದ್ರಿ?"

"ನೆಕ್ಕಿಕೊಳ್ಳಲಿ ಅಂತ ಇಟ್ಟೆ ಕಣೇ. ಹಿಂಗಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

ಬಕೆಟ್ಟಿನಲ್ಲಿ ಒದ್ದೆ ಬೆಡ್‌ಶೀಟ್ ತಂದು ನನ್ನ ಪೆಟ್ಟಿಗೆಗೆ ಹೊದಿಸಿದೆ. ಅವರ ಹುಳ ಅಂಚಿನಡಿ ನುಸುಳಿದವು.

"ಬಾಗಿಲು ಮುಚ್ಚಿಬಿಡು" ಅಂದರು.

"ನಿಮ್ಮ ಕಳ್ಳರು ಒಳಗೇ ಇದಾರೆ. ಬೀಗ ಹಾಕಿ ಊಟಕ್ಕೆ ಕೂರಿಸಲಾ?"

"ಹಾಗಾದ್ರೆ ಬಿಡು. ಅದು ಬದುಕೋ ಸಂಸಾರ ಅಲ್ಲ ಅಂತ ಮೊದಲೇ ಹೇಳಿದ್ದೆ."

ಕೈಯಲ್ಲಿದ್ದ ಬಕೆಟ್ಟು ಅವರ ತಲೆ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ, ಅಷ್ಟರಲ್ಲಿ ನನ್ನ ಕಣ್ಣು ಹುಳದ ಹಿಂದೆ ಹೋಗಿತ್ತು. ಹೊಟ್ಟೆ ತುಂಬಿದ ಕಳ್ಳಹುಳಗಳು ನೇರ ಗೋಡೆ ಪಕ್ಕಕ್ಕೇ ಹಾರುತ್ತಿದ್ದವು. ಹಿಂದೊಮ್ಮೆ ನಾನು ಪೆಟ್ಟಿಗೆಯನ್ನು ಒಂದು ಮಾರು ಸರಿಸಿದಾಗ, ಮೇಯಲು ಹೋಗಿದ್ದವು ಬಂದು ಖಾಲಿ ಜಾಗದಲ್ಲೇ ಸುತ್ತಿದ್ದವು. ಹುಳಕ್ಕೆ ಗೊತ್ತಿರುವುದು ಜಾಗ, ಪೆಟ್ಟಿಗೆಯಲ್ಲ.

"ರೀ, ಎರಡನ್ನೂ ಅದಲು ಬದಲು ಮಾಡೋಣ. ಕದ್ದವು ನಿಮ್ಮ ಜಾಗಕ್ಕೆ ಹೋಗ್ತವೆ, ಅಲ್ಲಿ ನನ್ನ ಪೆಟ್ಟಿಗೆ ಇರುತ್ತೆ."

"ನನ್ನ ಹುಳ ಎಲ್ಲ ನಿನ್ನ ಪಾಲಾಗುತ್ತಲ್ಲೇ."

"ಆಗಲಿ."

"ಒಳಗೆ ಹೋಗಿ ನಿನ್ನ ರಾಣಿನೇ ಕೊಂದರೆ?"

ಅದೇ ಭಯ ನನಗೂ. ರಾಣಿ ಹೋದರೆ ಗೂಡೇ ಹೋದಂತೆ. "ಸುಮ್ಮನೆ ನಿಂತರೂ ಸಾಯ್ತಾಳೆ. ಎತ್ತಿ."

ನನ್ನ ಪೆಟ್ಟಿಗೆಯನ್ನು ಒಬ್ಬಳೇ ಎತ್ತಿದೆ. ಮೊನ್ನೆ ಸೊಂಟ ಹಿಡಿಸಿದ್ದ ಪೆಟ್ಟಿಗೆ, ಇವತ್ತು ಅರ್ಧ ಭಾರವೂ ಇಲ್ಲ. ಅದನ್ನು ನಡುವೆ ಇಳಿಸಿ, ಅವರದನ್ನು ಇಬ್ಬರೂ ಹಿಡಿದು ಟ್ಯಾಂಕಿನ ಕಡೆ ಹೊರಟೆವು. ನನ್ನ ಬಟ್ಟೆಯ ತೋಳೊಳಗೆ ಒಂದು ನುಗ್ಗಿ ಕುಟುಕಿತು, ಇನ್ನೊಂದು ಅವರ ಕತ್ತಿಗೆ.

"ಬಿಡಬೇಡ ಕಣೇ" ಅಂದರು ಇವರು, ಹಲ್ಲು ಕಚ್ಚಿ.

"ನೀವು ಬಿಡಬೇಡಿ, ಸಾಕು."

ಇಳಿಸಿದೆವು. ನನ್ನದನ್ನು ಗೋಡೆ ಪಕ್ಕ ಕೂರಿಸಿ ಹಿಂದೆ ಸರಿದೆವು.

ಮೊದಲ ಕಳ್ಳ ಬಂದಿತು. ಬಾಗಿಲಲ್ಲಿ ಇಳಿದು ಮೀಸೆ ಆಡಿಸಿತು, ಅನುಮಾನಪಟ್ಟಿತು. ಕದ್ದ ಜೇನು ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಪೆಟ್ಟಿಗೆಯೊಳಗೆ ನಡೆಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು. ಅತ್ತ ಟ್ಯಾಂಕಿನ ಬಳಿ ಲೂಟಿಗೆ ಬಂದವು ತಮ್ಮದೇ ಮನೆಯ ವಾಸನೆ ಹತ್ತಿ, ಒಳಗೆ ಹೋಗಿ ಹೊರಗೆ ಬಂದು ಪೆದ್ದುಪೆದ್ದಾಗಿ ಸುತ್ತುತ್ತಿದ್ದವು. ಹೊತ್ತು ಇಳಿಯುವಾಗ ಸದ್ದು ಅಡಗಿತು. ಒಳಗೆ ಏನಾಗುತ್ತಿದೆಯೋ ಗೊತ್ತಿರಲಿಲ್ಲ. ತೆರೆದರೆ ಮತ್ತೆ ಕೆರಳಿಯಾವೆಂದು ಮುಟ್ಟಲಿಲ್ಲ.

ಬೆಳಿಗ್ಗೆ ಬಿಸಿಲು ಏರಿದ ಮೇಲೆ ನನ್ನ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮೊದಲ ಎರಿಯಲ್ಲಿ ರಾಣಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಎತ್ತುವಾಗ ಜಾರಿತು, ಹಿಡಿದುಕೊಂಡೆ. ಅದರ ಮೂಲೆಯಲ್ಲಿ ಉದ್ದ ಹೊಟ್ಟೆ ಎಳೆದುಕೊಂಡು ರಾಣಿ ನಡೆಯುತ್ತಿದ್ದಳು. ಸುತ್ತ ಹುಳ ದಾರಿ ಬಿಡುತ್ತಿದ್ದವು.

"ಇದಾಳೇನೇ?" ಇವರು ಕೆಳಗಿನಿಂದ ಕೇಳಿದರು. ಕತ್ತು ಊದಿ, ದನಿ ಸಣ್ಣಗಾಗಿತ್ತು.

ಇನ್ನೂ ಸ್ವಲ್ಪ ಹೊತ್ತು ಬೆವರಲಿ ಎಂದು, ನಿಧಾನವಾಗಿ ಮುಚ್ಚಳ ಹಾಕಿದೆ.