ಪಟ್ಟಿ ಮುಚ್ಚಿದ ಬಟನ್

"ಬುಕ್ ಮಾಡಿದೀನಿ ಅಂದೆನಲ್ಲ! ತಾರೀಕು ಅವರೇ ತಿಳಿಸ್ತಾರಂತೆ. ಎಷ್ಟು ಸಲ ಕೇಳ್ತೀಯ?"

ಸೊಸೆಗೆ ಮೈಯೆಲ್ಲ ಉರಿಯಿತು. ಅವಳು ಈಗಷ್ಟೇ ಕಣ್ಣಾಸ್ಪತ್ರೆಗೆ ಫೋನ್ ಮಾಡಿದ್ದಳು. ಅತ್ತೆಯ ಹೆಸರಿನಲ್ಲಿ ಬುಕಿಂಗೇ ಇಲ್ಲ. ಹೀಗಾಗುತ್ತಿರುವುದು ಇದು ಮೂರನೇ ತಿಂಗಳು. ತಿಂಗಳಿಗೊಮ್ಮೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಒಂದು ತಪ್ಪಿದರೂ ಉಳಿದಿರುವ ಚೂರು ದೃಷ್ಟಿಯೂ ಹೋದೀತು ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಈಯಮ್ಮನಿಗೆ ಸೂಜಿ ಅಂದರೆ ಭಯ, ಅದಕ್ಕೇ ಈ ನಾಟಕ! ನಾನು ಮಾಡಿಕೊಡ್ತೀನಿ ಅಂದರೆ, ನನ್ನ ಕೆಲಸ ನನಗೆ ಗೊತ್ತು ಅನ್ನುವ ಜಂಬ ಬೇರೆ.

ಬುಕಿಂಗ್ ಪುಟದಲ್ಲೇ ತಪ್ಪಿರಬಹುದೇ? ಛೆ, ಸಾಧ್ಯವೇ ಇಲ್ಲ. ಆ ಪುಟವನ್ನು ಆಸ್ಪತ್ರೆಗೆ ಮಾಡಿಕೊಟ್ಟಿದ್ದು ಅವಳೇ. ಸೊಸೆ ಅದೇನೋ ಕಂಪ್ಯೂಟರ್ ಕೆಲಸ ಮಾಡುತ್ತಾಳೆ ಅನ್ನುವುದಷ್ಟೇ ಅತ್ತೆಗೆ ಗೊತ್ತಿದ್ದದ್ದು.

"ನನ್ನೆದುರಿಗೆ ಇನ್ನೊಂದ್ಸಲ ಮಾಡಿ ಅತ್ತೆ, ನೋಡೋಣ."

"ಓಹೋ, ಪರೀಕ್ಷೆನಾ? ಬಾ, ಕೂತ್ಕೋ."

ಅತ್ತೆ ಕಂಪ್ಯೂಟರಿನಲ್ಲಿ ಬುಕಿಂಗ್ ಪುಟ ತೆರೆದು ಅಕ್ಷರಗಳನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದರು. ಆಸ್ಪತ್ರೆಯ ಹೆಸರಿದ್ದ ಮೇಲಿನ ಪಟ್ಟಿ ಊದಿಕೊಂಡಿತು. ಸಹಾಯವಾಣಿಯ ಕೆಳಗಿನ ಪಟ್ಟಿಯೂ ಊದಿಕೊಂಡಿತು. ಪುಟ ಸರಿದರೂ ಎರಡೂ ಜಾಗ ಬಿಡಬಾರದೆಂದು ಹಟ ಹಿಡಿದು ಅಂಟಿಸಿದ್ದವಳು ಸೊಸೆಯೇ. ಅವಳ ಕಚೇರಿಯ ಪರದೆಯಲ್ಲಿ ಅವು ಬೆರಳಗಲ ಇದ್ದವು. ಇಲ್ಲಿ ಎರಡರ ನಡುವೆ ಒಂದೂವರೆ ಸಾಲಿಗೆ ಮಾತ್ರ ಜಾಗ.

ಆ ಸಂದಿಯಲ್ಲೇ ಅತ್ತೆ ಹೆಸರು ತುಂಬಿದರು, ವಯಸ್ಸು ತುಂಬಿದರು, ಯಾವ ಕಣ್ಣು ಅಂತ ತುಂಬಿದರು. ಒಂದೊಂದು ಸಾಲಿಗೂ ಪುಟ ಸರಿಸಬೇಕು, ತಪ್ಪಿದ ಸಾಲನ್ನು ಹುಡುಕಿಕೊಂಡು ವಾಪಸ್ ಬರಬೇಕು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ 'ತಾರೀಕನ್ನು ನಿಮ್ಮ ಫೋನಿಗೆ ಕಳಿಸುತ್ತೇವೆ' ಎಂಬ ಸಾಲು ಬಂದು ಪುಟ ನಿಂತಿತು.

"ಆಯ್ತು ನೋಡು. ಈಗ್ಲಾದ್ರೂ ನಂಬ್ತೀಯಾ?"

"ಇನ್ನೂ ಕೆಳಗೆ ಹೋಗಿ ಅತ್ತೆ."

"ಎಲ್ಲಿಗೆ ಹೋಗ್ಲಿ? ಮುಗೀತಲ್ಲ!"

ಸೊಸೆ ಮೌಸ್ ತೆಗೆದುಕೊಂಡು ಅಕ್ಷರಗಳನ್ನು ಮೊದಲಿನಷ್ಟೇ ಸಣ್ಣದು ಮಾಡಿದಳು. ಕೆಳಗಿನ ಪಟ್ಟಿ ಕುಗ್ಗಿತು. ಅದರಡಿಯಿಂದ 'ಖಚಿತಪಡಿಸಿ' ಎಂಬ ಹಸಿರು ಬಟನ್ ಹೊರಗೆ ಬಂತು. ಅವಳು ಅದನ್ನು ಒತ್ತಿದಳು. ಅತ್ತೆಯ ಫೋನು ಟಿಂಗ್ ಅಂದಿತು; ತಾರೀಕು ಬಂದಿತ್ತು. ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು.

"ಅಯ್ಯೋ, ಇನ್ನೊಂದು ಒತ್ತೋದಿತ್ತಾ?" ಅತ್ತೆ ನಕ್ಕುಬಿಟ್ಟರು. "ಪಾಪ, ಇದನ್ನ ಮಾಡಿದೋರ ಮನೇಲಿ ನನ್ನಂಥೋರು ಯಾರೂ ಇಲ್ಲ ಅಂತ ಕಾಣತ್ತೆ."

"ನಾನೇ ಅತ್ತೆ. ನಾನೇ ಮಾಡಿದ್ದು."

ಅತ್ತೆಯ ನಗು ನಿಂತಿತು. ಅವರು ಕುರ್ಚಿಯನ್ನು ಇತ್ತ ತಿರುಗಿಸಿ, ಉಸಿರು ತಾಗುವಷ್ಟು ಹತ್ತಿರ ಬಂದು, ಸೊಸೆಯ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸ್ವಲ್ಪ ಸ್ವಲ್ಪವಾಗಿ ನೋಡಿದರು.