ಚೆಲುವಯ್ಯನ ಮನೆಯ ಚೊಂಬು

ಹಾಲು ಒಡೆದಿದೆ ಅಂದಿದ್ದರೆ ಕೆಂಪರಾಜು ಸುಮ್ಮನಾಗುತ್ತಿದ್ದ. ನೀರು ಬೆರೆಸಿದ್ದೀಯ ಅಂದಿದ್ದರೂ ಜಗಳವಾಡಿ ಮರೆತುಬಿಡುತ್ತಿದ್ದ. ಆದರೆ ಡೈರಿಯ ಕಾರ್ಯದರ್ಶಿ ಚೆಲುವಯ್ಯ ಆ ಬೆಳಿಗ್ಗೆ ಕ್ಯಾನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಸಾಲಿನಲ್ಲಿ ನಿಂತ ಅಷ್ಟೂ ಜನರ ಮುಂದೆ, "ಲೇ ಕೆಂಪ, ನಿನ್ ಹಾಲು ಬ್ಯಾಡ ಕಣ್ಲಾ. ಮನೇಗೆ ತಗೊಂಡೋಗು" ಅಂದುಬಿಟ್ಟ.

"ಯಾಕಣ್ಣ? ಹಾಲಿಗೆ ಮೀಟ್ರು ಬಿಟ್ಟು ಡಿಗ್ರಿನೂ ನೋಡ್ದೆ ಹಂಗಂದ್ರೆ?"

"ಡಿಗ್ರಿ ಮಾತಲ್ಲ. ನಿನ್ ಹೆಂಡ್ತಿ ಮೈಯಾಗೆ ಕರೆಂಟು ಐತಂತೆ. ಆಸ್ಪತ್ರೇಲಿ ಅದೇನೋ ಕುಡ್ಸವ್ರಂತೆ. ಜನ ಹೆದರ್ಕೊಂಡವ್ರೆ. ನಿಂದೊಂದು ಕ್ಯಾನು ಸೇರುದ್ರೆ ಎಲ್ಲಾರ್ ಹಾಲೂ ಕೆಟ್ಟೋಯ್ತದೆ."

ಅಲ್ಲಾ, ಹಸು ಕರೆದವನು ಕೆಂಪರಾಜು. ಅವನ ಹೆಂಡತಿ ಪುಟ್ಟಿ ಕೊಟ್ಟಿಗೆಯ ಕಡೆ ತಲೆ ಹಾಕಿ ತಿಂಗಳ ಮೇಲಾಗಿತ್ತು. ಔಷಧಿ ಕುಡಿದವಳು ಪುಟ್ಟಿ, ಹಸುವಲ್ಲ. ಇಷ್ಟೂ ತಿಳಿಯದ ಈ ಮಹಾನುಭಾವರು ತಂದು ಸುರಿಯುವ ಹಾಲಾದರೂ ಎಂಥದ್ದು? ಸುತ್ತಮುತ್ತ ಕಾರ್ಖಾನೆಗಳು ಎದ್ದ ಮೇಲೆ ಊರ ಕೆರೆಗೆ ಎಲ್ಲೆಲ್ಲಿಂದಲೋ ಕಪ್ಪು ನೀರು ಬಂದು ಸೇರುತ್ತದೆ. ತೂಬಿನ ಹತ್ತಿರ ಆಳೆತ್ತರ ನೊರೆ ನಿಂತು, ಗಾಳಿ ಬೀಸಿದರೆ ರಸ್ತೆಗೆ ಹಾರಿ ಬರುತ್ತದೆ. ಆ ನೀರಿನಲ್ಲೇ ಹುಲ್ಲು ಬೆಳೆದು, ಆ ನೀರನ್ನೇ ದನಕ್ಕೆ ಕುಡಿಸಿ, ಕರೆದದ್ದನ್ನು ತಾವು ಬಾಯಿಗೆ ಬಿಡದೆ ಬೆಂಗಳೂರಿಗೆ ಹೋಗಲಿ ಅಂತ ಡೈರಿಗೆ ಹಾಕಿ ಕೈ ತೊಳೆದುಕೊಳ್ಳುವವರು, ಬೋರ್‌ವೆಲ್ ನೀರಿನಲ್ಲಿ ಮೇವು ಬೆಳೆದು ಹಸು ಸಾಕಿದವನ ಕ್ಯಾನು ಕಂಡು ಹಿಂದೆ ಸರಿದರು. ಮಾನ ಮರ್ಯಾದೆ ಬೇಡವೇ ಜನಕ್ಕೆ?

ಇದನ್ನೆಲ್ಲ ಅಲ್ಲೇ ಹೇಳಿಬಿಡಬೇಕು ಅಂದುಕೊಂಡ ಕೆಂಪರಾಜು. ಸಿಟ್ಟಿಗೆ ನಾಲಿಗೆಯೇ ಹೊರಳಲಿಲ್ಲ. ಕ್ಯಾನು ಎತ್ತಿಕೊಂಡು ಮನೆಗೆ ಬಂದ.

ಪುಟ್ಟಿಯ ಗಂಟಲಿನ ಗಂಟು ಕ್ಯಾನ್ಸರ್ ಅಂತ ಗೊತ್ತಾಗಿ, ಬೆಂಗಳೂರಿನಲ್ಲಿ ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿದ್ದರು. ಉಳಿದ ಚೂರುಪಾರನ್ನು ಸುಡುವುದಕ್ಕೆ ವಿಕಿರಣದ ಅಯೋಡಿನ್ ಕುಡಿಸಬೇಕು, ಅದಕ್ಕೆ ಮುಂಚೆ ಎರಡು ವಾರ ಊಟದಲ್ಲಿ ಅಯೋಡಿನ್ ಆದಷ್ಟೂ ಇರಬಾರದು ಅಂದರು ಡಾಕ್ಟರು. "ಆ ಚೂರು ಅಯೋಡಿನ್‌ಗೆ ಹಸಿದಿರಬೇಕಪ್ಪ. ಆಗಲೇ ನಮ್ಮ ಔಷಧಿನ ಗಬಗಬ ನುಂಗೋದು." ಹಾಗಾಗಿ ಅಂಗಡಿ ಉಪ್ಪು ಇಲ್ಲ, ಹಾಲು ಮೊಸರು ಇಲ್ಲ, ಮೊಟ್ಟೆಯ ಹಳದಿ ಇಲ್ಲ, ಬೇಕರಿ ತಿಂಡಿಯ ಹೆಸರೇ ಎತ್ತುವಂತಿಲ್ಲ. ಅಯೋಡಿನ್ ಇಲ್ಲದ ಉಪ್ಪಿಗಾಗಿ ಕೆಂಪರಾಜು ರಾಮನಗರದ ಅಂಗಡಿ ಅಂಗಡಿ ಸುತ್ತಿದ. "ಅಯೋಡಿನ್ ಇರೋದೇ ಒಳ್ಳೇದು ಕಣ್ರೀ, ಟೀವೀಲಿ ನೋಡಿಲ್ವಾ?" ಅಂತ ಒಬ್ಬೊಬ್ಬ ಅಂಗಡಿಯವನೂ ಅವನಿಗೇ ಪಾಠ ಹೇಳಿದ. ಹಾಳಾಗಿ ಹೋಗಲಿ ಅಂತ ಉಪ್ಪೇ ಹಾಕದೆ ತಾನೇ ಒಲೆ ಮುಂದೆ ಕೂತು ಸಾರು ಮಾಡಿದ. ಉಪ್ಪಿನ ಕೊರತೆ ತುಂಬಲಿ ಅಂತ ಹುಣಸೆಹಣ್ಣು ಕಿವುಚಿ ಕಿವುಚಿ ಸುರಿದ.

ಪುಟ್ಟಿ ಒಂದು ತುತ್ತು ಮುದ್ದೆ ಅದ್ದಿ ನುಂಗಿ, ಮುಖ ಹಿಂಡಿಕೊಂಡು, "ಇದೇನು ಸಾರಾ, ಹಿತ್ತಾಳೆ ಪಾತ್ರೆ ತಿಕ್ಕೋ ನೀರಾ?" ಅಂದಿದ್ದಳು.

ಅವಳು ತಿಂದದ್ದನ್ನೇ ಅವನೂ ತಿಂದ. ಕರೆಯುವ ಹಸು ಕಟ್ಟಿಕೊಂಡ ಮನೆಯಲ್ಲಿ ಬರಿ ಡಿಕಾಕ್ಷನ್ ಕುಡಿದ. ಮನೆಗೆ ಬಿಟ್ಟುಕೊಳ್ಳುತ್ತಿದ್ದ ಹಾಲೂ ಡೈರಿಗೇ ಹೋಯಿತು. ಆಗ ಚೆಲುವಯ್ಯನ ಬಾಯಲ್ಲಿ ಕೆಂಪನಂಥ ರೈತ ಇನ್ನೊಬ್ಬನಿರಲಿಲ್ಲ.

ಔಷಧಿ ಕುಡಿದು ಆಸ್ಪತ್ರೆಯಲ್ಲಿದ್ದು ಪುಟ್ಟಿ ಮನೆಗೆ ಬಂದಿದ್ದಳು. ಸ್ವಲ್ಪ ದಿನ ಬೇರೆ ಕೋಣೆ, ಬೇರೆ ತಟ್ಟೆ. ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಆಮೇಲೆ ಎಲ್ಲರ ಹಾಗೇ ಇರಬಹುದು ಅಂತ ಹೇಳಿ ಕಳಿಸಿದ್ದರು. ಮಗಳನ್ನು ಮರಳವಾಡಿಯ ಅಜ್ಜಿ ಮನೆಗೆ ಬಿಟ್ಟಿದ್ದರು. ಆ ಬೇರೆ ತಟ್ಟೆ ಯಾರ ಕಣ್ಣಿಗೆ ಬಿತ್ತೋ, ಊರೆಲ್ಲ ಕರೆಂಟಿನ ಕತೆ ಹಬ್ಬಿತು.

ಕ್ಯಾನು ಕೆಳಗಿಟ್ಟ ಸದ್ದಿಗೇ ಪುಟ್ಟಿಗೆ ಗೊತ್ತಾಗಿಹೋಯಿತು. ಕೋಣೆಯ ಕಿಟಕಿಯಿಂದ ಕೇಳಿದಳು. "ತಗೊಳ್ನಿಲ್ವಾ?"

ಅವನು ಕ್ಯಾನನ್ನು ಗೋಡೆಯ ಬದಿಗೆ ಸರಿಸಿದ.

"ಮನ್ಸರು ದೂರ ನಿಂತ್ರೆ ನಿಲ್ಲಲಿ. ಆ ಬಾಯಿಲ್ಲದ ಹಸಕ್ಕೂ ನನ್ನಿಂದ ಕೆಟ್ಟ ಹೆಸ್ರಾ? ಆರು ತಿಂಗಳಿಗೆ ಮತ್ತೆ ಪರೀಕ್ಷೆಗೆ ಬಾ ಅಂದವ್ರೆ. ಉಳ್ಕೊಂಡಿದ್ರೆ ಇನ್ನೊಂದ್ ಸಲ ಉಪ್ಪು ಬಿಟ್ಟು ಆ ಔಷ್ದಿ ಕುಡೀಬೇಕಂತೆ. ನಾ ಒಲ್ಲೆ. ಆದಂಗಾಗ್ಲಿ."

ಪರೀಕ್ಷೆ ತಪ್ಪಿಸಿದರೆ ಇಷ್ಟು ಮಾಡಿದ್ದೂ ದಂಡ ಅಂತ ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಗಂಟಲಿಗೆ ಕತ್ತಿ ಹಾಕಿದಾಗ ಹೆದರದವಳು, ಉಪ್ಪಿಲ್ಲದ ಮುದ್ದೆ ನುಂಗಿದವಳು, ಈ ನೊರೆ ಹಾಲಿನವರ ಮಾತಿಗೆ ಸೋಲಬೇಕೆ?

ಸಂಜೆ ಹಿತ್ತಲ ಬೇಲಿಯ ಹತ್ತಿರ ಬಳೆ ಸದ್ದಾಯಿತು. ಹೋಗಿ ನೋಡಿದರೆ ರಮ್ಯಾ, ಚೆಲುವಯ್ಯನ ಸೊಸೆ. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಸ್ಟೀಲ್ ಚೊಂಬನ್ನು ಹೊರಗೆ ತೆಗೆದಳು. ಚೆಲುವಯ್ಯನ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದ ಚೊಂಬು. ಹೊಟ್ಟೆಯ ಮೇಲೆ ಅವನ ಹೆಸರನ್ನು ದಪ್ಪಗೆ ಕೆತ್ತಿಸಿದ್ದರು. ಅವಳ ಕೂಸಿಗೆ ದಿನಾ ಹಾಲು ಹೋಗುತ್ತಿದ್ದದ್ದು ಕೆಂಪರಾಜುವಿನ ಮನೆಯಿಂದಲೇ.

"ಅಣ್ಣ, ಒಸಿ ಹಾಲು ಕೊಡಿ. ಬೇರೆ ಹಾಲು ಕುಡ್ಸುದ್ರೆ ಕೂಸು ಕಕ್ಬುಡ್ತದೆ." ಅವಳು ತಲೆ ತಗ್ಗಿಸಿದಳು. "ಮುಂದ್ಲ ಬಾಗಲಿಂದ ಹೋಗ್ಬ್ಯಾಡ, ಯಾರಾರ ನೋಡ್ತಾರೆ ಅಂದ್ರು ನಮ್ಮಾವ."

ಕೇಳಿದಿರಾ! ಬೆಳಿಗ್ಗೆ ಊರ ಮುಂದೆ ಬೇಡವಾದ ಹಾಲು ಸಂಜೆ ಹಿತ್ತಲಲ್ಲಿ ಬೇಕು. ಕೆಂಪರಾಜುವಿಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. "ಥೂ, ನಿಮ್ಮಾವನ ಜಲ್ಮಕ್ಕೆ..." ಅಂದವನನ್ನು ಕಿಟಕಿಯ ದನಿ ತಡೆಯಿತು.

"ಇಲ್ಕೇಳಿ, ಆ ಕೂಸೇನ್ ಮಾಡ್ತು? ಕೊಟ್ಟು ಕಳಿಸಿ."

ಅವನು ಒಳಗೆ ಹೋಗಿ ತನ್ನ ಮನೆಯ ಉಗ್ಗದ ತುಂಬ ಹಾಲು ತಂದು ರಮ್ಯಾಳ ಕೈಗಿಟ್ಟ. ಚೊಂಬನ್ನು ಮಾತ್ರ ತಾನೇ ಇಟ್ಟುಕೊಂಡ. "ಇದನ್ನ ನಾನೇ ತಲುಪಿಸ್ತೀನಿ ಕಣವ್ವ. ನೀ ಹೋಗು" ಅಂದ.

ಮರುದಿನ ಬೆಳಿಗ್ಗೆ ಡೈರಿಯ ಸಾಲು ರಸ್ತೆಯವರೆಗೂ ಬೆಳೆದಿತ್ತು. ಕೆಂಪರಾಜು ಕ್ಯಾನು ಹೊತ್ತು ನೇರ ಮೇಜಿನ ಹತ್ತಿರ ಹೋದ. ಕ್ಯಾನು ಇಳಿಸಿ, ಅದರ ಪಕ್ಕದಲ್ಲಿ ಚೊಂಬನ್ನು ಹೆಸರು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟ.

"ಚೆಲುವಣ್ಣ, ಇದ್ಯಾರ ಮನೇದು ಓದು."

ಚೆಲುವಯ್ಯನ ಮುಖ ಸುಟ್ಟ ಬದನೆಕಾಯಿ ಆಯಿತು. "ಅದು... ಸೊಸೆ ತಿಳೀದೆ..."

"ಆ ಹೆಣ್ಮಗಳ್ ಮ್ಯಾಲೆ ಹಾಕ್ಬ್ಯಾಡ. ಹಿತ್ತಲಿಂದ ಹೋಗು ಅಂತ ಕಳ್ಸಿದ್ದು ನೀನು. ಈವಾಗ ಹೇಳು. ಹಾಲು ಕ್ಯಾನಿಗೆ ಬ್ಯಾಡ, ಚೊಂಬಿಗೆ ಬೇಕಾ? ನಿನ್ ಮೊಮ್ಮಗಂಗೆ ಒಂದು ಹಾಲು, ಊರಿಗೊಂದು ಹಾಲಾ? ಕೆರೆ ನೊರೆ ಕುಡ್ದ ದನದ ಹಾಲು ನಿಮ್ ಮಕ್ಕಳಿಗೆ ಆಗಾಕಿಲ್ಲ, ಬೆಂಗಳೂರ್ ಮಕ್ಕಳಿಗೆ ಆಯ್ತದಾ?" ನಿನ್ನೆ ಹೊರಳದ ನಾಲಿಗೆ ಇವತ್ತು ನಿಲ್ಲಲಿಲ್ಲ.

ಸಾಲಿನಲ್ಲಿದ್ದ ಮುದುಕಿ ಬೋರಮ್ಮ ಕಿಸಕ್ಕನೆ ನಕ್ಕಳು. "ಏನ್ಲಾ ಚೆಲುವ, ನಿನ್ ಮೊಮ್ಮಗಂಗೆ ಕರೆಂಟು ಹೊಡೀನಿಲ್ವಾ?" ಅಂದಳು. ಅವಳ ಹಿಂದೆ ನಿಂತವರೂ ನಕ್ಕರು. ನಿನ್ನೆ ಹಿಂದೆ ಸರಿದವರಲ್ಲಿ ಕೆಲವರು ತಮ್ಮ ಕ್ಯಾನುಗಳನ್ನೇ ನೋಡಿಕೊಂಡು ನಿಂತರು.

ಚೆಲುವಯ್ಯ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ. ಕೆಂಪರಾಜು ಆ ಕೈಯನ್ನು ಪಕ್ಕಕ್ಕೆ ಸರಿಸಿದ.

"ಮೊದ್ಲು ಚೊಂಬು ಹಿಡಿ."

ಊರಿನ ಮುಂದೆ ಚೆಲುವಯ್ಯ ತನ್ನ ಹೆಸರಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದ. ಕೆಂಪರಾಜು ಕಂಠದವರೆಗೂ ಹಾಲು ಸುರಿದ. ಉಳಿದದ್ದನ್ನು ಆಮೇಲೆ ಅಳೆದುಕೊಂಡರು.

ಮನೆಗೆ ಬಂದಾಗ ಪುಟ್ಟಿ ಕಿಟಕಿಯಲ್ಲೇ ನಿಂತಿದ್ದಳು. ಖಾಲಿ ಕ್ಯಾನು ಅವನ ಕೈಯಲ್ಲಿ ತೂಗಾಡುತ್ತಿದ್ದದ್ದನ್ನು ನೋಡಿದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಬೋರಮ್ಮನ ಮಾತಿಗೆ ಅವಳಿಗೂ ನಗು ಬಂತು. ಆಮೇಲೆ ಗಂಟಲಿನ ಹೊಲಿಗೆಯ ಗುರುತನ್ನು ಸವರಿಕೊಂಡಳು.

"ಮುಂದಿನ್ ಸಲ," ಅಂದಳು, "ಸಾರಿಗೆ ಹುಣಸೆಹಣ್ಣು ಒಸಿ ಕಮ್ಮಿ ಹಾಕಿ."